ಮಾವನವರ ಸಿಳ್ಳೆಗೊಂದು ಒಲೆ

ಲೋಹಕ್ಕೂ ಮನುಷ್ಯನಿಗೂ ಸ್ವಭಾವ ಒಂದೇ. ಎರಡೂ ಪೆಟ್ಟು ತಿಂದಷ್ಟೂ ಗಟ್ಟಿಯಾಗುತ್ತವೆ. ಗಟ್ಟಿಯಾದಷ್ಟೂ ಒಳಗೊಳಗೇ ಬಿಗಿದುಕೊಳ್ಳುತ್ತವೆ. ಕೊನೆಗೊಂದು ದಿನ ಯಾರೂ ಮುಟ್ಟದೆ, ಯಾರೂ ಬಯ್ಯದೆ, ಕೂತಲ್ಲೇ ಬಿರಿದುಹೋಗುತ್ತವೆ. ಈ ಗಂಭೀರ ಸತ್ಯವನ್ನು ನಾನು ಹೊನ್ನಾಳಿಯಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರಾಗಿದ್ದಷ್ಟು ಕಾಲ, ಪ್ರತಿ ಹೊಸ ಬ್ಯಾಚಿನ ಮುಂದೆ, ಕೈ ಹಿಂದೆ ಕಟ್ಟಿಕೊಂಡು ಹೇಳಿದ್ದೇನೆ. ಅರ್ಧ ಹುಡುಗರು ನಿದ್ದೆ ಮಾಡುತ್ತಿದ್ದರು. ಉಳಿದರ್ಧ, ನಾನು ನನ್ನ ಸಂಸಾರದ ಕಷ್ಟ ತೋಡಿಕೊಳ್ಳುತ್ತಿದ್ದೇನೆಂದು ತಿಳಿದು ಮರುಕದಿಂದ ನೋಡುತ್ತಿದ್ದರು.

ನಿವೃತ್ತಿಯ ನಂತರ ನಾನು ಸೂಳೆಕೆರೆಯ ದಂಡೆಯ ಮೇಲಿರುವ ನನ್ನ ಹೆಂಡತಿಯ ತವರಿಗೆ ಬಂದು ನೆಲೆಸಿದೆ. ಅಂದರೆ, ಮುಚ್ಚುಮರೆಯೇಕೆ, ಅರವತ್ತು ದಾಟಿದ ಮೇಲೆ ಮನೆ ಅಳಿಯನಾದೆ. ಇಪ್ಪತ್ತೈದರಲ್ಲಿ ಮನೆ ಅಳಿಯನಾದವನಿಗೆ ಊರವರು ತಮಾಷೆ ಮಾಡುತ್ತಾರೆ. ಅರವತ್ತರಲ್ಲಿ ಆದವನಿಗೆ ಅದೂ ಇಲ್ಲ, ಯಾರೂ ಗಮನಿಸುವುದಿಲ್ಲ. ನಮ್ಮತ್ತೆ ಹಾಲಮ್ಮನವರು ಎಂಬತ್ತರ ಮೇಲೆ ಎಷ್ಟೋ ಮಳೆಗಾಲ ಕಂಡವರು. ಬೆನ್ನು ಬಾಗಿದೆ, ಕಣ್ಣು ಮಸುಕು, ಹಲ್ಲು ಇಲ್ಲ. ಆದರೆ ಕಿವಿ ಮಾತ್ರ ಭಯ ಹುಟ್ಟಿಸುವಷ್ಟು ಚುರುಕು. ಹಿತ್ತಲಲ್ಲಿ ನಾನು ಕದ್ದು ಬೀಡಿ ಹಚ್ಚಿದರೆ ಕಡ್ಡಿ ಗೀರಿದ ಸದ್ದಿಗೇ ಅಡುಗೆಮನೆಯಿಂದ "ಅಳಿಯಂದ್ರೆ, ಹುಲ್ಲಿನ ಬಣಿವೆ ಅಲ್ಲೇ ಐತೆ" ಎನ್ನುತ್ತಾರೆ.

ಮಾವನವರಾದ ನಿಂಗಪ್ಪನವರನ್ನು ನಾನು ಇಲ್ಲಿ ಪರಿಚಯಿಸಬೇಕು. ಅವರು ತೀರಿಕೊಂಡು ಬಹಳ ಕಾಲವಾಯಿತಾದರೂ ಈ ಮನೆಯ ವ್ಯವಹಾರಗಳಲ್ಲಿ ನನಗಿಂತ ಹೆಚ್ಚಿನ ಪಾತ್ರ ಈಗಲೂ ಅವರದೇ. ಬೆಳೆ ಕಾಯುವ ಪರವಾನಗಿಯ ಒಂದು ನಳಿಗೆಯ ಬಂದೂಕು ಅವರ ಬಳಿ ಇತ್ತು. ಭತ್ತದ ಗದ್ದೆಗೆ ಹಂದಿ ಇಳಿದರೆ ಆಕಾಶಕ್ಕೆ ಒಂದು ಈಡು ಹೊಡೆದು, ಹಂದಿಗಳನ್ನು ಪಕ್ಕದವರ ಗದ್ದೆಗೆ ಕಳಿಸಿ, ಹೊತ್ತು ನೆತ್ತಿಗೇರುವಾಗ ಕೆರೆ ಏರಿಯ ಮೇಲೆ ಮನೆಗೆ ಬರುವರು. ಬರುವಾಗ ಒಂದು ಖಾಲಿ ತೋಟೆಯನ್ನು ತುಟಿಗಿಟ್ಟು ಊದುವರು. ತೋಟೆಯೆಂದರೆ, ಮದ್ದು ಚರೆ ಹಾರಿಹೋದ ಮೇಲೆ ಉಳಿಯುವ ಹೆಬ್ಬೆರಳು ಗಾತ್ರದ ಹಿತ್ತಾಳೆ ಕೊಳವೆ. ಒಂದು ಕಡೆ ಬಾಯಿ, ಇನ್ನೊಂದು ಕಡೆ ತಳ. ಬಾಯಿಗೆ ಅಡ್ಡಲಾಗಿ ಗಾಳಿ ಊದಿದರೆ ಸಿಳ್ಳೆ ಬರುತ್ತದೆ. ಮಾವನವರ ತೋಟೆಯ ಬಾಯಿ ತುಸು ಒಳಕ್ಕೆ ಬಾಗಿದ್ದರಿಂದ ಅದರ ಸಿಳ್ಳೆ ಗಂಟಲು ಕಟ್ಟಿದವರು ಕರೆದಂತೆ ಇರುತ್ತಿತ್ತಂತೆ. ಅದು ಕೇಳಿದ ಕೂಡಲೇ ಹಂಚು ಒಲೆಗೇರಬೇಕು. ಅವರು ಕೈಕಾಲು ತೊಳೆದು ಕೂರುವುದಕ್ಕೂ ಮೊದಲ ರೊಟ್ಟಿ ಗಂಗಾಳಕ್ಕೆ ಬೀಳುವುದಕ್ಕೂ ಸರಿಹೋಗಬೇಕು. ಒಂದು ಚುನಾವಣೆಯ ಕಾಲಕ್ಕೆ, ವಾಡಿಕೆಯಂತೆ, ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದರು. ಚುನಾವಣೆ ಮುಗಿದು ಬಂದೂಕು ವಾಪಸು ಸಿಗುವ ಮೊದಲೇ ಮಾವನವರೂ ಹೋದರು. ಅಂಗಿಯ ಜೇಬಿನಲ್ಲಿ ಆ ತೋಟೆ ಸಿಕ್ಕಿತು. ಅತ್ತೆ ಅದನ್ನು ಪಡಸಾಲೆಯ ಗೋಡೆಯಲ್ಲಿ ಕೆರೆಯ ಕಡೆಗೆ ಬಾಯ್ದೆರೆದ ಬೆಳಕಿನ ಗೂಡಿನಲ್ಲಿಟ್ಟರು. ಉಳಿದ ಖಾಲಿ ತೋಟೆಗಳನ್ನು ಒಂದು ತಗಡಿನ ಡಬ್ಬಕ್ಕೆ ತುಂಬಿ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರು.

ಆ ವರ್ಷದ ಆಷಾಢದಲ್ಲಿ, ಮಟಮಟ ಮಧ್ಯಾಹ್ನ, ಕೆರೆಯ ಮೇಲಿನ ಗಾಳಿ ಗೂಡಿನೊಳಗೆ ನುಗ್ಗಿ ತೋಟೆಯ ಬಾಯಿಗೆ ಅಡ್ಡ ಬೀಸಿತು. ಸಿಳ್ಳೆ ಕೇಳಿತು. ಅತ್ತೆ ಎದ್ದು ಹಂಚಿಟ್ಟರು.

ಅಂದಿನಿಂದ ಅದು ಈ ಮನೆಯ ಪದ್ಧತಿ. ಆಷಾಢದ ಗಾಳಿ ಎದ್ದು ಗೂಡು ಕೂಗಿದ ದಿನ ಒಂದು ರೊಟ್ಟಿ ಹೆಚ್ಚು. ಅದು ಮೊದಲು ಬಾಗಿಲಿಗೆ ಬಂದವರ ಪಾಲು. ಮೀನಿನ ಬುಟ್ಟಿಯವನು ತಿಂದಿದ್ದಾನೆ, ಕರೆಂಟಿನ ಮೀಟರು ಓದುವವನು ತಿಂದಿದ್ದಾನೆ. ಯಾರೂ ಇದನ್ನು ವಿಚಿತ್ರವೆಂದು ತಿಳಿದಿಲ್ಲ. ನಿವೃತ್ತನಾಗಿ ಟ್ರಂಕು ಹಿಡಿದು ನಾನು ಈ ಮನೆಯ ಹೊಸ್ತಿಲು ತುಳಿದ ಮಧ್ಯಾಹ್ನವೂ ಗೂಡು ಕೂಗಿತ್ತಂತೆ. ಕೂತ ತಕ್ಷಣ ಬಿಸಿ ರೊಟ್ಟಿ ಬಂತು. ಅಳಿಯನ ಮೇಲೆ ಎಂಥ ಗೌರವ ಎಂದು ಕಣ್ಣು ತುಂಬಿಕೊಂಡು ತಿಂದೆ. ನಿಜ ಗೊತ್ತಾದದ್ದು ವಾರದ ಮೇಲೆ.

ಈ ವರ್ಷದ ಆಷಾಢದಲ್ಲಿ ಗೂಡು ಕೂಗಲಿಲ್ಲ. ಗಾಳಿಗೇನೂ ಕೊರತೆಯಿರಲಿಲ್ಲ, ಒಣಹಾಕಿದ ನನ್ನ ಪಂಚೆ ಮೂರು ಮನೆಯಾಚೆ ಸಿಕ್ಕಿತು. ಗೂಡು ಮಾತ್ರ ಮೌನ. ಅದರ ಬದಲು ಕೊಟ್ಟಿಗೆಯ ಅಟ್ಟ ಮಾತಾಡತೊಡಗಿತು. ಮಧ್ಯಾಹ್ನ ಊಟಕ್ಕೆ ಕೂತಾಗ, ಎಲ್ಲ ಸದ್ದೂ ಅಡಗಿದ ಹೊತ್ತಿನಲ್ಲಿ, ಅಟ್ಟದ ಮೇಲಿನ ಡಬ್ಬದೊಳಗಿಂದ "ಟಕ್" ಎಂದು ಒಂದು ಸದ್ದು. ಯಾರೋ ಒಳಗಿನಿಂದ ಉಗುರಿನಲ್ಲಿ ಬಡಿದಂತೆ. ಇನ್ನೆರಡು ದಿನ ಬಿಟ್ಟು ಮತ್ತೆ "ಟಕ್". ಕೆಳಗೆ ಕಟ್ಟಿದ್ದ ನಮ್ಮ ಎಮ್ಮೆ ಸುಂದ್ರಿ ಮೆಲುಕು ನಿಲ್ಲಿಸಿ ಕತ್ತೆತ್ತಿ ಮೇಲೆ ನೋಡುವುದು. ಎಮ್ಮೆಯೊಂದು ಯೋಚಿಸುತ್ತಿರುವಂತೆ ಕಾಣುವುದು ಯಾವ ಮನೆಗೂ ಒಳ್ಳೆಯ ಲಕ್ಷಣವಲ್ಲ. ಇಲಿ ಎಂದೆ. ಬೆಕ್ಕನ್ನು ಅಟ್ಟಕ್ಕೆ ಹತ್ತಿಸಿದೆ. ಅದು ಡಬ್ಬವನ್ನು ಒಮ್ಮೆ ಮೂಸಿ, ಮೈಯೆಲ್ಲ ಕೂದಲು ನಿಮಿರಿಸಿಕೊಂಡು, ನನ್ನ ತಲೆಯ ಮೇಲೆಯೇ ಕಾಲಿಟ್ಟು ಇಳಿದುಹೋಯಿತು.

ಮಧ್ಯಾಹ್ನವಾಗುತ್ತಲೇ ಅತ್ತೆ ಗೂಡಿನ ಕೆಳಗೆ ಗೋಡೆಗೊರಗಿ ಕೂರುವರು. ಗಂಗಾಳ ಮುಂದಿಟ್ಟರೆ "ಆಮ್ಯಾಲೆ" ಎನ್ನುವರು. ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ. ವಾರದೊಳಗೆ ಕೆನ್ನೆ ಇಳಿಯಿತು, ಕೈಯ ಬೆಳ್ಳಿ ಕಡಗ ಮೊಣಕೈವರೆಗೆ ಸರಿಯತೊಡಗಿತು. ನನ್ನ ಹೆಂಡತಿ ಸರೋಜ ನನ್ನನ್ನು ಹಿತ್ತಲಿಗೆ ಕರೆದು, ಕಣ್ಣೊರೆಸಿಕೊಂಡು, ಮೃದುವಾಗಿ ಮಾತಾಡಿದಳು. ಅವಳು ಮೃದುವಾಗಿ ಮಾತಾಡಿದರೆ ನನಗೆ ಎಲ್ಲಕ್ಕಿಂತ ಹೆಚ್ಚು ದಿಗಿಲು.

"ರೀ, ಅವ್ವ ಉಣ್ಣಂಗಿಲ್ಲ. 'ಅವ್ರು ನನ್ ಮ್ಯಾಲೆ ಸಿಟ್ಟಾಗ್ಯಾರೆ, ಅದುಕ್ಕೇ ಕರೆಯಂಗಿಲ್ಲ' ಅಂತಾಳೆ. ಆಷಾಢ ಕಳೆದ್ರೆ ಗಾಳಿನೂ ಹೋತು. ಅಷ್ಟೊತ್ತಿಗೆ ಏನಾರ ಮಾಡ್ರಿ. ಅಷ್ಟು ವರ್ಷ ಹುಡುಗ್ರಿಗೆ ಪಾಠ ಮಾಡೀರಲ್ಲ, ಮನಿಗೆ ಒಂದು ಸಲ ಉಪಯೋಗಕ್ಕೆ ಬರ್ರಿ."

ಗೂಡಿನ ತೋಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಾಯಂಚಿನಿಂದ ಕೆಳಕ್ಕೆ ಕೂದಲೆಳೆಯಂಥ ಒಂದು ಬಿರುಕು. ಗಾಳಿ ಅದರಲ್ಲಿ ಸೋರಿ ಸಿಳ್ಳೆ ಸತ್ತಿತ್ತು. ಡಬ್ಬ ಇಳಿಸಿ, ಪ್ರತಿ ತೋಟೆಯ ತಳದಲ್ಲೂ ಬಂದೂಕಿನ ಮೊಳೆ ಕುಟ್ಟಿದ ಗುರುತು ಇದೆಯೇ, ಅಂದರೆ ಈಡು ನಿಜವಾಗಿಯೂ ಹಾರಿದೆಯೇ ಎಂದು ಬೆವರುತ್ತಾ ಪರೀಕ್ಷಿಸಿದೆ. ಎಲ್ಲವೂ ಖಾಲಿ. ಅರ್ಧಕ್ಕರ್ಧ ಉದ್ದಕ್ಕೆ ಬಿರಿದಿದ್ದವು. ಕೈಯಲ್ಲಿ ಹಿಡಿದು ನೋಡುತ್ತಿದ್ದಂತೆಯೇ ಒಂದು "ಟಕ್" ಎಂದು ಬಿರಿಯಿತು. ನಾನು ಅದನ್ನು ಎಸೆದದ್ದು ಹೆದರಿಕೆಯಿಂದಲ್ಲ, ವೈಜ್ಞಾನಿಕ ಆಶ್ಚರ್ಯದಿಂದ.

ಕಾರಣ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಿತ್ತಾಳೆಯನ್ನು ಒತ್ತಿ, ಎಳೆದು ಕೊಳವೆ ಮಾಡುವಾಗ ಅದರ ಮೈಯಲ್ಲಿ ಒಂದು ಬಿಗಿ ಉಳಿದುಬಿಡುತ್ತದೆ. ಅಂಥ ಹಿತ್ತಾಳೆಗೆ ದನದ ಗಂಜಲದ ಘಾಟು ತಾಗುತ್ತಿದ್ದರೆ ವರ್ಷಗಟ್ಟಲೆ ಸುಮ್ಮನಿದ್ದು, ತೇವದ ಗಾಳಿಯಲ್ಲಿ ತಾನೇ ತಾನಾಗಿ ಬಿರಿಯುತ್ತದೆ. ಡಬ್ಬ ಇದ್ದದ್ದು ಎಮ್ಮೆಯ ನೆತ್ತಿಯ ಮೇಲೆ. ಅದು ಸಾಲದೆಂಬಂತೆ ಪ್ರತಿ ಆಯುಧಪೂಜೆಗೂ ಅತ್ತೆ ಆ ಡಬ್ಬವನ್ನೂ ಗೂಡಿನ ತೋಟೆಯನ್ನೂ ಮಡಿಯಿಂದ ಇಳಿಸಿ, ಕುಂಕುಮವಿಟ್ಟು, ಶುದ್ಧಕ್ಕೆಂದು ಧಾರಾಳವಾಗಿ ಗಂಜಲ ಚಿಮುಕಿಸಿ, ಒರೆಸದೆ ಹಾಗೇ ಇಡುತ್ತಿದ್ದರು. ಒರೆಸಿದರೆ ಪೂಜೆ ಅಳಿಸಿದಂತೆ. ಈ ಶೋಧವನ್ನು ನಾನು ಸಂಭ್ರಮದಿಂದ ಸರೋಜಳಿಗೆ ವಿವರಿಸಿದೆ. ಅವಳು ಪೂರ್ತಿ ಕೇಳಿದಳು.

"ಅಂದ್ರೆ, ಅವ್ವನ ಪೂಜಿಯಿಂದ್ಲೇ ಅದು ಒಡೀತು ಅಂತೀರಾ?"

"ವಿಜ್ಞಾನ ಹಾಗನ್ನುತ್ತೆ."

"ಆ ವಿಜ್ಞಾನನ ಅವ್ವನ ಮುಂದೆ ಬಾಯಿ ಬಿಟ್ರೆ ನೋಡ್ರಿ, ಅದೇನೋ ಒಲೆ ಮಾಡ್ತೀನಿ ಅಂತೀರಲ್ಲ, ಅದ್ರಾಗೆ ನಿಮ್ಮನ್ನೇ ಇಡ್ತೀನಿ."

ವಿಜ್ಞಾನ ಬಾಯಿ ಮುಚ್ಚಿಕೊಂಡಿತು.

ಒಲೆಯ ವಿಷಯ ಹೀಗೆ. ಬಿಗಿದ ಹಿತ್ತಾಳೆಯನ್ನು ಸಮನಾಗಿ ಕಾಯಿಸಿ, ನಿಧಾನವಾಗಿ ಆರಲು ಬಿಟ್ಟರೆ ಒಳಗಿನ ಬಿಗಿ ಸಡಿಲುತ್ತದೆ, ಬಿರುಕು ಮುಂದುವರಿಯುವುದಿಲ್ಲ. ಬೋಧಕನಾಗಿ ನಾನು ಇದನ್ನು ಅನೀಲಿಂಗ್ ಎನ್ನುತ್ತಿದ್ದೆ, ಸಂಸಾರಸ್ಥನಾಗಿ ಹದ ಕಾಯಿಸುವುದು ಎನ್ನುತ್ತೇನೆ. ಕಾವು ಕಡಿಮೆಯಾದರೆ ಫಲವಿಲ್ಲ. ಹೆಚ್ಚಾದರೆ ಹಿತ್ತಾಳೆ ಬೆಣ್ಣೆಯಾಗಿ ಕೂರುತ್ತದೆ. ಇರುವುದು ಒಂದೇ ತೋಟೆ, ಒಂದೇ ಅವಕಾಶ. "ಅಡಿಗಿ ಒಲೆ ಮ್ಯಾಲೆ ಇಟ್ರೆ ಆಗಲ್ವೇನು?" ಎಂದಳು ಸರೋಜ. ಕಾವು ಸುತ್ತಲಿಂದಲೂ ಸಮನಾಗಿ ಬರಬೇಕು, ಅದಕ್ಕೆ ವಿಶೇಷ ಒಲೆಯೇ ಬೇಕು ಎಂದೆ. ಅದು ನಿಜ. ಅಡುಗೆ ಒಲೆಯ ಮೇಲೆ ಆಗುವ ಕೆಲಸಕ್ಕೆ ಈ ಮನೆಯಲ್ಲಿ ನನ್ನ ಅಗತ್ಯವೇ ಇರುವುದಿಲ್ಲ ಎಂಬುದೂ ನಿಜ.

ಒಲೆಗೆ ನಾಲ್ಕು ತಾಲೂಕುಗಳ ಸಹಕಾರ ದೊರೆಯಿತು. ಚನ್ನಗಿರಿಯ ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟಿನ ಬೂದಿ ತಂದೆ. ಕಾವು ಹೊರಗೆ ಹೋಗದಂತೆ ತಡೆಯಲು ಅದಕ್ಕಿಂತ ಉತ್ತಮ ವಸ್ತು ಬಡವರಿಗೆ ದೊರಕುವುದಿಲ್ಲ. ಹೊನ್ನಾಳಿಯಲ್ಲಿ ಹೊಳೆದಂಡೆಯ ಕುಂಬಾರರ ಮನೆಯಿಂದ ಒಂದು ಮಣ್ಣಿನ ಕೊಳಾಯಿ. ನ್ಯಾಮತಿಯ ಗುಜರಿ ಅಂಗಡಿಯಿಂದ ಹಳೆ ಕರೆಂಟು ಒಲೆಯ ಸುರುಳಿ ತಂತಿ. ಇವನ್ನೆಲ್ಲ ಒಂದು ದೊಡ್ಡ ಜೋಳದ ಡಬ್ಬದೊಳಗೆ ಕೂರಿಸಬೇಕು: ನಡುವೆ ಕೊಳಾಯಿ, ಕೊಳಾಯಿಯ ಒಳಮೈಗೆ ಸುತ್ತಿದ ತಂತಿ, ಸುತ್ತಲೂ ಬೂದಿ, ಅಡಿಯಲ್ಲಿ ಇಟ್ಟಿಗೆ. ಆ ಇಟ್ಟಿಗೆ ಜಗಳೂರು ತಾಲೂಕಿನ ಸೊಕ್ಕೆಯಿಂದ ಬಂತು. ಜೊತೆಗೆ ನನ್ನ ಹಳೆಯ ಸಹೋದ್ಯೋಗಿ, ವೆಲ್ಡಿಂಗ್ ಮೇಷ್ಟ್ರು ತಿಪ್ಪೇಸ್ವಾಮಿಯೂ ಬಂದ. ಅವನಿಗೆ ಯಾವ ವಸ್ತುವನ್ನಾದರೂ ಬೈಕಿನಲ್ಲಿ ತಂದುಕೊಡುವ ಔದಾರ್ಯವಿದೆ. ತಂದ ಮೇಲೆ ವಾಪಸು ಹೋಗುವ ಅವಸರವಿಲ್ಲ.

"ಏನ್ಲೇ ಇದು, ಒಲೆನೋ ಸಮಾಧಿನೋ?" ಎಂದ, ಡಬ್ಬದ ಸುತ್ತ ಒಂದು ಪ್ರದಕ್ಷಿಣೆ ಬಂದು.

"ಒಲೆ. ಸುಮ್ನೆ ಇಟ್ಟಿಗೆ ಇಳಿಸು."

"ಇಳಿಸ್ತೀನಪ್ಪಾ. ಆದ್ರೆ ಬೂದಿ ನೋಡಿದ್ರೆ ಕೈ ಮುಗಿಯಾಕೆ ಮನಸ್ಸಾಗ್ತತೆ."

ಉಷ್ಣತೆ ಅಳೆಯುವ ಮೀಟರು ನಮ್ಮಲ್ಲಿರಲಿಲ್ಲ. ಅಟ್ಟದಿಂದ ಇಳಿಸಿದ ಡಬ್ಬದ ತಳದಲ್ಲಿ ಮಾವನವರ ಕಾಲದ ಒಂದಿಷ್ಟು ಸೀಸದ ಚರೆ ಉಳಿದಿತ್ತು. ಸೀಸ ಕರಗುವ ಕಾವು ಸುಮಾರಾಗಿ ನಮಗೆ ಬೇಕಾದ ಕಾವೇ. ಆದ್ದರಿಂದ ಕಬ್ಬಿಣದ ಸೌಟಿನಲ್ಲಿ ಒಂದು ಚರೆಯಿಟ್ಟು ತೋಟೆಗಳ ಪಕ್ಕದಲ್ಲಿ ಇಡುವುದು. ಚರೆ ಕರಗಿ ಕನ್ನಡಿಯಂತೆ ಹೊಳೆದ ಕೂಡಲೇ ಕರೆಂಟು ನಿಲ್ಲಿಸುವುದು. ತಮ್ಮ ಸಿಳ್ಳೆಯ ಚಿಕಿತ್ಸೆಗೆ ತಾವೇ ಥರ್ಮಾಮೀಟರು ಬಿಟ್ಟುಹೋದ ಮಾವನವರ ಮುಂದಾಲೋಚನೆಯನ್ನು ನಾನು ಆಗ ಹೊಗಳಿದೆ. ಹೊಗಳಬಾರದಿತ್ತೇನೋ.

ಚರೆ ಕರಗಿ ಸುರುಳಿಯ ಕೆಂಪಿಗೆ ಹೊಳೆಯುವುದು ಕಾಣಲು ಕತ್ತಲೆ ಬೇಕು. ನಮ್ಮ ಕಡೆ ಕರೆಂಟು ಗಟ್ಟಿಯಾಗಿ ಇರುವುದು ನಡುಮಧ್ಯಾಹ್ನ. ಹಾಗಾಗಿ ಸುಡುವ ಬಿಸಿಲಿನಲ್ಲಿ ಕೊಟ್ಟಿಗೆಯ ಕಿಂಡಿಗಳಿಗೆಲ್ಲ ಕಂಬಳಿ ಹೊದಿಸಿ ನಾವಿಬ್ಬರು ಮುದುಕರು ಒಳಗೆ ಕೂತೆವು. ಹೊರಗೆ ಕಾಗೆ ಕೂಗುತ್ತಿದ್ದ ಹಗಲು. ಒಳಗೆ ಯಾವ ಹೊತ್ತಿಗೂ ಸೇರದ ಕತ್ತಲೆ. ಮೊದಲ ಸಲಕ್ಕೆ ಅಟ್ಟದ ಡಬ್ಬದ ಬಿರಿದ ತೋಟೆಗಳನ್ನೇ ಇಟ್ಟಿದ್ದೆ, ಅಭ್ಯಾಸಕ್ಕೆ. ಸುರುಳಿ ಕೆಂಪಾಯಿತು. ಕೊಳಾಯಿಯ ಬಾಯಿಂದ ಮಂದವಾದ ಬೆಳಕು ಬಂದು ತಿಪ್ಪೇಸ್ವಾಮಿಯ ಮುಖದ ಕೆಳಭಾಗವನ್ನಷ್ಟೇ ಬೆಳಗಿತು. ಅವನ ಮುಖಕ್ಕೆ ಅದು ಯಾವ ಉಪಕಾರವನ್ನೂ ಮಾಡಲಿಲ್ಲ. ಕತ್ತಲೆಯ ಆ ಮೂಲೆಯಲ್ಲಿ ಸುಂದ್ರಿಯ ಎರಡು ಕಣ್ಣು, ಮಿಟುಕದೆ. ಆಗ ತೋಟೆಗಳು ಉಸ್ಸೆಂದು ಉಸಿರಾಡಿದವು. ಕಾದ ಗಾಳಿ ಬಿರುಕಿನಿಂದ ಹೊರಬರುವಾಗ ಹಾಗಾಗುವುದು ಸಹಜ ಎಂದು ತಿಪ್ಪೇಸ್ವಾಮಿಗೆ ಪಿಸುಮಾತಿನಲ್ಲಿ ವಿವರಿಸಿದೆ. ಸಹಜವಾದದ್ದನ್ನು ಪಿಸುಮಾತಿನಲ್ಲಿ ಏಕೆ ಹೇಳುತ್ತಿದ್ದೀಯೆಂದು ಅವನು ಕೇಳಲಿಲ್ಲ. ನನ್ನ ತೊಡೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಉಸಿರಿನ ಹಿಂದೆಯೇ ವಾಸನೆ ಬಂತು. ತೋಟೆಗಳ ಒಳಮೈಗೆ ಅಂಟಿದ್ದ ಹಳೆಯ ಮದ್ದಿನ ಮಸಿ ಕಾದು ಹೊಗೆಯಾಡಿತು. ಸುಟ್ಟ ಗಂಧಕ, ಬೆವರು, ತೇವದ ಮಣ್ಣು ಎಲ್ಲ ಬೆರೆತಂಥ ಒಂದು ವಾಸನೆ. ಕೊಟ್ಟಿಗೆಯಿಂದ ಹಿತ್ತಲಿಗೆ, ಹಿತ್ತಲಿಂದ ಅಡುಗೆಮನೆಗೆ, ಅಲ್ಲಿಂದ ಪಡಸಾಲೆಗೆ ನಡೆದುಹೋಯಿತು. ಹರಡಿತು ಎನ್ನುವುದಕ್ಕಿಂತ ನಡೆದುಹೋಯಿತು ಎಂದೇ ಹೇಳಬೇಕು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಬಾಗಿಲ ಕಂಬಳಿ ಸರಿಯಿತು. ಬಿಸಿಲಿಗೆ ಬೆನ್ನು ಮಾಡಿ, ಕೋಲೂರಿಕೊಂಡು ಅತ್ತೆ ನಿಂತಿದ್ದರು.

"ಅಳಿಯಂದ್ರೆ, ಅವ್ರು ಒಳಗೆ ಅದಾರಾ?"

ತಿಪ್ಪೇಸ್ವಾಮಿ "ಇಲ್ಲ ಅವ್ವಾ, ನಾವಿಬ್ರೇ" ಎಂದ.

"ಅವ್ರ ಅಂಗಿ ವಾಸನಿ ಬಂತು. ಪಡಸಾಲ್ಯಾಗೆ ನನ್ ಮುಂದೆ ಬಂದು ನಿಂತಂಗಾತು. ಮಾತೇ ಆಡಲಿಲ್ಲ." ಅಷ್ಟು ಹೇಳಿ ಅತ್ತೆ ಕಂಬಳಿಯನ್ನು ಮೊದಲಿನಂತೆಯೇ ಸರಿಮಾಡಿ ಹೋದರು. ಆ ಗಡಿಬಿಡಿಯಲ್ಲಿ ಚರೆ ಕರಗಿದ್ದನ್ನು ನಾವು ನೋಡಲಿಲ್ಲ.

ಆದ್ದರಿಂದ ಮೊದಲ ಅಭ್ಯಾಸದ ತೋಟೆಗಳು ಕೆಟ್ಟವು. ಎರಡನೆಯ, ಮೂರನೆಯ ಅಭ್ಯಾಸಕ್ಕೆ ಬಿರಿಯದೆ ಉಳಿದವನ್ನು ಇಟ್ಟೆ, ಅವೂ ಒಂದೊಂದು ಬಗೆಯಲ್ಲಿ ಕೆಟ್ಟವು. ಒಂದು ಅತಿಯಾಗಿ ಕಾದು ಬಾಯಿ ಸೊಟ್ಟಗಾಯಿತು. ಒಂದರ ತಳಕ್ಕೆ ಬೂದಿ ಸೇರಿ ಅಂಟಿಕೊಂಡಿತು. ಒಂದನ್ನು ತಿಪ್ಪೇಸ್ವಾಮಿ ಇಕ್ಕಳದಲ್ಲಿ ಹಿಡಿದು ಸೊಂಟ ನಜ್ಜಿಸಿದ. ಇಂಥ ಗಾಯಾಳುಗಳನ್ನೆಲ್ಲ ನಾನು ಕೊಟ್ಟಿಗೆಯ ಮೋಟುಗೋಡೆಯ ಮೇಲೆ, ಕೆರೆಯ ಕಡೆಗೆ, ಬಾಯಿ ಮೇಲೆ ಮಾಡಿ ಆರಲು ಸಾಲಾಗಿ ನಿಲ್ಲಿಸಿದೆ. ಆಮೇಲೆ ಅವುಗಳನ್ನು ಮರೆತೆ. ಆದರೆ ಅಷ್ಟರಲ್ಲಿ ಕಾವಿನ ಅಂದಾಜು ಕೈಗೆ ಹತ್ತಿತ್ತು. ಕೊನೆಯ ಸಲ ಗೂಡಿನ ತೋಟೆಯೊಂದನ್ನೇ ಇಟ್ಟೆ. ಚರೆ ಕರಗಿತು, ಕರೆಂಟು ನಿಲ್ಲಿಸಿದೆ, ಒಲೆಯ ಬಾಯಿಗೆ ಬೂದಿ ಮುಚ್ಚಿ ಮರುದಿನದವರೆಗೆ ಆರಲು ಬಿಟ್ಟೆ. ತೆಗೆದಾಗ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಬಿರುಕು ಒಂದು ಕೂದಲಿನಷ್ಟೂ ಬೆಳೆದಿರಲಿಲ್ಲ. ಬಿರುಕಿಗೆ ಅರಗು ತುಂಬಿ, ಒರೆಸಿ, ಗೂಡಿನಲ್ಲಿಟ್ಟು, ಎದೆ ಮುಂದೆ ಮಾಡಿ ನಿಂತೆ.

ಗಾಳಿ ಬೀಸಿತು. ಗೂಡು ಕೂಗಲಿಲ್ಲ.

ವಾಲಿಸಿಟ್ಟೆ, ತಿರುಗಿಸಿಟ್ಟೆ, ಅಡಿಯಲ್ಲಿ ಬಟ್ಟೆ ಕೊಟ್ಟೆ. ಬಾಯಲ್ಲಿ ಊದಿ ನೋಡೋಣವೆಂದರೆ ನನ್ನ ತುಟಿಗೆ ಆ ವಿದ್ಯೆ ಹುಟ್ಟಿನಿಂದಲೇ ಇಲ್ಲ. "ಫುಸ್" ಎಂದು ಉಗುಳು ಮಾತ್ರ ಹೋಗುತ್ತದೆ. "ಸಿಳ್ಳೆ ಹೊಡಿಯಾಕೆ ಬರದೋನಿಗೆ ನಮ್ಮಪ್ಪ ಹೆಂಗೆ ಹೆಣ್ಣು ಕೊಟ್ನೋ" ಎಂದಳು ಸರೋಜ. ಅತ್ತೆ ಗೋಡೆಗೊರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಗಂಜಿಯ ತಿಳಿ ಬಿಟ್ಟರೆ ಹೊಟ್ಟೆಗೆ ಬೇರೇನೂ ಇಳಿಯುತ್ತಿರಲಿಲ್ಲ. ಒಮ್ಮೆ ನನ್ನನ್ನು ಹತ್ತಿರ ಕರೆದು, ಕೈ ಸವರಿ, "ಬಿಡ್ರಿ ಅಳಿಯಂದ್ರೆ. ನೀವೇನು ಮಾಡ್ತೀರಿ? ಬರಾಕೆ ಅವ್ರಿಗೇ ಮನಸ್ಸಿಲ್ಲ" ಎಂದರು. ಬಯ್ದಿದ್ದರೆ ವಾಸಿಯಿತ್ತು.

ಹೀಗೆ ಆಷಾಢದ ಕೊನೆಯ ದಿನ ಬಂತು, ಭೀಮನ ಅಮಾವಾಸ್ಯೆ. ಅಂದು ಹೆಂಡತಿಯರು ಗಂಡಂದಿರ ಪಾದ ತೊಳೆದು ಪೂಜೆ ಮಾಡುತ್ತಾರೆ. ಸರೋಜಳೂ ಮಾಡಿದಳು. ಹದಿನೈದು ದಿನ ಬಯ್ದ ಬಾಯಿಯಿಂದಲೇ ಹಾಡು ಹೇಳಿ, ಪಾದಕ್ಕೆ ಅರಿಶಿಣ ಹಚ್ಚಿ, ತಲೆಯೆತ್ತದೆಯೇ "ಇವತ್ತೇ ಕೊನೇ ದಿನ, ನೆನಪಿರ್ಲಿ" ಎಂದಳು. ಅತ್ತೆ ದೂರದಲ್ಲಿ, ಸೆರಗು ಮುಖಕ್ಕೆ ಎಳೆದುಕೊಂಡು ಕೂತಿದ್ದರು. ಪೂಜೆಗೊಂಡ ಪಾದಗಳಲ್ಲೇ ಹೋಗಿ ಗೂಡು ನೋಡಿದೆ: ತುಂಬಿದ್ದ ಅರಗು ಬಿಸಿಲಿಗೆ ಬಿಟ್ಟುಕೊಂಡಿತ್ತು. ಊಟವಾದ ಮೇಲೆ ಹೊಸದಾಗಿ ತುಂಬೋಣವೆಂದು ತೋಟೆಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ. ಖಾಲಿ ಗೂಡು ಕಂಡರೆ ಅತ್ತೆ ಏನೆಂದುಕೊಂಡಾರೋ ಎಂಬ ಭಯ. ಅವರ ಕಣ್ಣಿಗೆ ಅಷ್ಟು ಮೇಲಿನದು ಕಾಣುವುದಿಲ್ಲ ಎಂಬ ಧೈರ್ಯ.

ಹಬ್ಬದ ಊಟಕ್ಕೆ ತಿಪ್ಪೇಸ್ವಾಮಿ ಕರೆಯದೆಯೇ ಬಂದಿದ್ದ. ಇಬ್ಬರೂ ಪಡಸಾಲೆಯ ಮಣೆಯ ಮೇಲೆ ಕೂತಿದ್ದೆವು. ಸೂರ್ಯ ನೆತ್ತಿಯ ಮೇಲಿದ್ದ. ಕೆರೆಯ ನೀರು ಒಮ್ಮೆ ಕಪ್ಪಗೆ ನಿರಿಗೆಯಾದದ್ದು ಬಾಗಿಲಿಂದ ಕಂಡಿತು. ಮರುಗಳಿಗೆ, ಅಷ್ಟು ದಿನ ಬೀಸದ ಜೋರಿನಲ್ಲಿ, ಗಾಳಿ ಬಂದು ಮನೆಗೆ ಬಡಿಯಿತು. ಹಿತ್ತಲಿನ ಕಡೆಯಿಂದ ಒಂದು ಸಿಳ್ಳೆ ಎದ್ದಿತು. ಅದರ ಬೆನ್ನಿಗೆ ಇನ್ನೊಂದು, ಕೀರಲಾಗಿ. ಮತ್ತೊಂದು, ಗೊರಗೊರ ಎಂದು. ಆಮೇಲೆ ಐದಾರು, ಒಟ್ಟೊಟ್ಟಿಗೆ, ಬೇರೆ ಬೇರೆ ಗಂಟಲಿನಲ್ಲಿ. ಮೋಟುಗೋಡೆಯ ಮೇಲೆ ನಾನು ಮರೆತಿದ್ದ ಗಾಯಾಳುಗಳು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಮೈಮೇಲಿನ ಕೂದಲು ತನ್ನ ಅಭಿಪ್ರಾಯವನ್ನು ಬೇರೆಯಾಗಿಯೇ ಸೂಚಿಸಿತು.

ಅತ್ತೆ ಕೋಲಿಲ್ಲದೆ ಎದ್ದು ನಿಂತರು.

"ಸರೋಜಾ, ಹಿಟ್ಟಿಗೆ ಇನ್ನೆರಡು ಬೊಗಸಿ ಹಾಕು. ಜನ ಬಂದಾರೆ."

"ಯಾರವ್ವಾ?" ಎಂದಳು ಸರೋಜ ಅಡುಗೆಮನೆಯಿಂದ.

"ನನಗೆಂಗೆ ಗೊತ್ತಾಗ್ಬೇಕು? ನಿಮ್ಮಪ್ಪನ ಜನ ಇರಬೌದು." ಅತ್ತೆ ಕಿವಿಯನ್ನು ಹಿತ್ತಲ ಕಡೆ ತಿರುಗಿಸಿದರು. "ಐದಾರು ಮಂದಿ. ಒಬ್ಬಂಗೆ ದಮ್ಮು ಐತೆ, ಪಾಪ." ಅದು ಬೂದಿ ಅಂಟಿದ್ದ ತೋಟೆ. "ಇನ್ನೊಬ್ಬಾತ ಕುಡಿದು ಬಂದಾನೆ, ಹಬ್ಬದ ದಿನ." ಅದು ಬಾಯಿ ಸೊಟ್ಟಗಾದದ್ದು. "ಒಬ್ಬಾಕಿಗೆ ಸೊಂಟ ನೋವು ಐತೇನೋ." ತಿಪ್ಪೇಸ್ವಾಮಿ ತಲೆ ತಗ್ಗಿಸಿದ. ಆಮೇಲೆ ಅತ್ತೆಯ ಮುಖ ನಿಧಾನವಾಗಿ ಮುದುಡಿತು. "ಅವ್ರಿಲ್ಲ ಇದ್ರಾಗೆ. ಬಂದಿರೋರು ಎಲ್ಲಾ ಬ್ಯಾರೆಯೋರೇ."

ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋದರು. ಅಂಗಳದಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಆ ಯಾರೂ ಇಲ್ಲದ ಅಂಗಳಕ್ಕೆ ಅತ್ತೆ ಮರ್ಯಾದೆಯಿಂದ ಮಾತಾಡಿದರು.

"ಬರ್ರಿ, ಬಂದ್ರಲ್ಲ. ಕೈಕಾಲು ತೊಳಕಳ್ರಿ, ತೊಟ್ಟ್ಯಾಗೆ ನೀರು ಐತೆ. ಊಟ ಮಾಡ್ಕಂಡೇ ಹೋಗ್ಬೇಕ್ರಿ. ಅವ್ರೆಲ್ಲಿ? ನಿಮ್ ಜೊತಿಗೆ ಹೊರಡ್ಲಿಲ್ವಾ?"

ಗಾಳಿ ನಿಂತಿತು. ಸಿಳ್ಳೆಗಳೆಲ್ಲ ಒಟ್ಟಿಗೇ ನಿಂತವು, ಪ್ರಶ್ನೆ ಕೇಳಿಸಿಕೊಂಡವರಂತೆ. ಒಲೆಯ ಮೇಲಿನ ಹಂಚು ಕಾಯುವ ಸದ್ದೂ ಕೇಳುವಷ್ಟು ನಿಶ್ಶಬ್ದ. ಒಂದು ಎಲೆ ಅಲುಗುತ್ತಿರಲಿಲ್ಲ. ಆ ನಿಶ್ಶಬ್ದದೊಳಗೆ, ಹಿತ್ತಲಿನಿಂದಲ್ಲ, ಮುಂದಿನ ಕೆರೆ ಏರಿಯ ಕಡೆಯಿಂದ ಒಂದೇ ಒಂದು ಸಿಳ್ಳೆ ಬಂತು. ತಗ್ಗಿದ, ಗಂಟಲು ಕಟ್ಟಿದವರು ಕರೆದಂಥ ಸಿಳ್ಳೆ. ಕೊಟ್ಟಿಗೆಯಲ್ಲಿ ಸುಂದ್ರಿ ಎದ್ದು ನಿಂತ ಗೊರಸಿನ ಸದ್ದಾಯಿತು.

"ಹಾಂ," ಎಂದರು ಅತ್ತೆ. "ಯಾವಾಗ್ಲೂ ಹಿಂಗೇ. ಜನನ ಮುಂದೆ ಕಳ್ಸಾದು, ತಾವು ಹಿಂದಿಂದ ನಿಧಾನಕ್ಕೆ ಬರಾದು. ಸರೋಜಾ, ಸರಿ ಅತ್ಲಾಗೆ, ಮೊದ್ಲನೇ ರೊಟ್ಟಿ ನಾ ಬಡಿತೀನಿ."

ನಾನು ಜೇಬಿಗೆ ಕೈ ಹಾಕಿದೆ. ತೋಟೆ ಅಲ್ಲೇ ಇತ್ತು. ಬೆಚ್ಚಗಿತ್ತು, ನನ್ನ ಮೈಯ ಬಿಸಿಯಿರಬೇಕು.

ತಿಪ್ಪೇಸ್ವಾಮಿ ಬಿಳಿಚಿದ ಮುಖಕ್ಕೆ ನಗು ಬರಿಸಿಕೊಂಡು ಗೂಡಿನ ಕಡೆ ನೋಡಿ ನನ್ನ ಬೆನ್ನು ತಟ್ಟಿದ. "ಗೂಡು ಕೂಗ್ತಲ್ಲೋ ಮಾರಾಯ! ನಿನ್ ಒಲೆ ಗೆದ್ದೈತೆ ಬಿಡು. ಏರಿ ಕಡಿಂದ ಬಂದಂಗೆ ಕೇಳ್ತು, ಗೋಡಿಗೆ ಬಡ್ದು ತಿರುಗಿರ್ತತೆ. ನಾನು ಏನೋ ಅಂದ್ಕಂಡಿದ್ದೆ, ನೀನು ಭಾರಿ ಮೇಷ್ಟ್ರೇ."

ಮೂವತ್ತು ವರ್ಷ ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಪಾಠ ಮಾಡಿದವನು ನಾನು. ಜೇಬಿನಿಂದ ಕೈ ತೆಗೆದು, ಸತ್ಯ ಹೇಳಿ, ಗೂಡು ಖಾಲಿಯೆಂದು ತೋರಿಸುವುದು ನನ್ನ ಕರ್ತವ್ಯವಾಗಿತ್ತು. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಿಧಾನ, ಒಂದೊಂದೇ ಪೆಟ್ಟು, ಮುಪ್ಪಿನ ಕೈಯದು. ನಾನು ಗಂಟಲು ಸರಿಮಾಡಿಕೊಂಡು, "ಕಾವಿನ ಹದ ಮುಖ್ಯ" ಎಂದೆ.

ಅತ್ತೆ ಗಂಗಾಳಗಳನ್ನು ಸಾಲಾಗಿ ಇಡಿಸಿದರು. ಬಂದವರ ಪಾಲನ್ನೆಲ್ಲ ಕೊನೆಗೆ ನಾನೂ ತಿಪ್ಪೇಸ್ವಾಮಿಯೂ ಬೆವರುತ್ತಾ ತಿನ್ನಬೇಕಾಯಿತು. ಮೊದಲ ರೊಟ್ಟಿಯ ಗಂಗಾಳ ಮಾತ್ರ ನನ್ನ ಪಕ್ಕದಲ್ಲಿತ್ತು. ಅದರ ಮುಂದಿನ ಮಣೆ ಖಾಲಿಯಿತ್ತು. ಮಣೆಗಳು ಒತ್ತೊತ್ತಾಗಿದ್ದವು, ಯಾರೂ ಹೇಳಲಿಲ್ಲ, ನಾನಾಗಿಯೇ ಸ್ವಲ್ಪ ಸರಿದು ಕೂತು ಜಾಗ ಬಿಟ್ಟೆ. ಅತ್ತೆ ಗೂಡಿನ ಕೆಳಗೆ ಕೂತು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು, ಪೂರ್ತಿ ತಿಂದು, ಇನ್ನೊಂದು ಚೂರು ಕೇಳಿದರು. ಎಲ್ಲರೂ ಕೈ ತೊಳೆಯಲು ಹೋದಾಗ ನಾನು ತೋಟೆಯನ್ನು, ಅರಗು ತುಂಬದೆ, ಇದ್ದ ಹಾಗೇ ಗೂಡಿನಲ್ಲಿಟ್ಟೆ.

ಮರುದಿನ ಶ್ರಾವಣ ಬಂತು, ಗಾಳಿ ಇಳಿಯಿತು. ಅತ್ತೆ ಈಗ ಎರಡು ಹೊತ್ತು ಉಣ್ಣುತ್ತಾರೆ. ತಿಪ್ಪೇಸ್ವಾಮಿ ಜಗಳೂರಿನ ತುಂಬ ನನ್ನ ಒಲೆಯ ಕೀರ್ತಿ ಹರಡಿದ್ದಾನೆ. ತೋಟೆಯ ಬಿರುಕು ಇದ್ದಲ್ಲೇ ಇದೆ, ಮುಂದುವರಿದಿಲ್ಲ.